ಚೆಂದ ಕಾಣುವುದೂ ಒಂದು ಅರಿವೇ?

ತುಮಕೂರಿನ ಪಕ್ಕದ ಕೈದಾಳದ ಕತೆ ನಮ್ಮ ಕಡೆ ಬಹಳ ಜನಕ್ಕೆ ಗೊತ್ತು. ಜಕಣಾಚಾರಿ ಬೇಲೂರಿನಲ್ಲಿ ಚೆನ್ನಕೇಶವನ ಮೂರ್ತಿ ಕಡೆದು ಮುಗಿಸಿದ್ದಾನೆ. ಪ್ರತಿಷ್ಠೆಗೆ ಎಲ್ಲ ಸಿದ್ಧವಾಗಿದೆ. ಆಗ ಎಲ್ಲಿಂದಲೋ ಬಂದ ಒಬ್ಬ ಹುಡುಗ, 'ಈ ಕಲ್ಲಿನಲ್ಲಿ ದೋಷ ಇದೆ' ಅನ್ನುತ್ತಾನೆ. ದೋಷ ತೋರಿಸಿಕೊಟ್ಟರೆ ನನ್ನ ಕೈಯನ್ನೇ ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣ ಮಾತು ಕೊಡುತ್ತಾನೆ. ಮೂರ್ತಿಗೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಗಂಧ ಒಣಗುತ್ತದೆ. ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗೇ ಉಳಿಯುತ್ತದೆ. ಅಲ್ಲಿಗೆ ಉಳಿ ಇಟ್ಟರೆ ಒಳಗಿಂದ ನೀರು, ಮರಳು, ಜೊತೆಗೆ ಒಂದು ಕಪ್ಪೆ. ಆ ಹುಡುಗ ಜಕಣನ ಮಗ ಡಂಕಣನೇ ಎಂದು ಆಮೇಲೆ ತಿಳಿಯುತ್ತದೆ. ಜಕಣ ಕಳೆದುಕೊಂಡ ಕೈ ಮತ್ತೆ ಬಂದದ್ದು ಕೈದಾಳದಲ್ಲಿ, ಅಲ್ಲಿ ಕೇಶವನ ಗುಡಿ ಕಟ್ಟಿದ ಮೇಲೆ.

ಇದು ಐತಿಹ್ಯ. ಕೈದಾಳದ ಗುಡಿ ಹೊಯ್ಸಳರ ಕಾಲದ್ದು, 12ನೇ ಶತಮಾನದ್ದು. ಅಷ್ಟು ಇತಿಹಾಸ. ಕಪ್ಪೆಗೆ ಶಾಸನದ ಸಾಕ್ಷಿ ಹುಡುಕುವುದು ಬೇಡ. ಆದರೆ ಕತೆ ಎತ್ತುವ ಪ್ರಶ್ನೆ ತುಂಬ ಗಟ್ಟಿಯಾದದ್ದು. ಹುಡುಗನಿಗೆ ದೋಷ ತಿಳಿದದ್ದು ಹೇಗೆ? ಅವನು ಅಳತೆ ಮಾಡಲಿಲ್ಲ, ಕಲ್ಲು ಒಡೆದು ನೋಡಲಿಲ್ಲ. ಕಣ್ಣಲ್ಲಿ ನೋಡಿದ, ಅಷ್ಟೇ. ಗಂಧ ಒಣಗುವ ಮೊದಲೇ ಅವನಿಗೆ ಅದು 'ಗೊತ್ತಿತ್ತು' ಅನ್ನಬಹುದೇ? ಇಲ್ಲಾ, ಅದು ಬರೀ ಅನಿಸಿಕೆ, ಗಂಧ ಒಣಗಿದ ಮೇಲೆ ಅರಿವಾಯಿತು ಅನ್ನಬೇಕೇ?

ಅರಿವು ಎಂದರೇನು, ಅದು ಹೇಗೆ ಬರುತ್ತದೆ, ನಿಜವೋ ಅಲ್ಲವೋ ಎಂದು ಹೇಗೆ ತೀರ್ಮಾನಿಸುವುದು ಎಂದು ಕೇಳುವ ಶಾಸ್ತ್ರಕ್ಕೆ ಜ್ಞಾನಮೀಮಾಂಸೆ ಎಂದು ಹೆಸರು. ಚೆಲುವು ಎಂದರೇನು, ಕಲೆ ನಮಗೆ ಏನು ಮಾಡುತ್ತದೆ ಎಂದು ಕೇಳುವುದು ಸೌಂದರ್ಯಮೀಮಾಂಸೆ. ಕಾಲೇಜಿನಲ್ಲಿ ಇವೆರಡನ್ನೂ ಬೇರೆ ಬೇರೆ ಪತ್ರಿಕೆಗಳಾಗಿ ಓದಿಸುತ್ತಾರೆ. ಅದರಿಂದ ಇವೆರಡಕ್ಕೂ ಸಂಬಂಧವೇ ಇಲ್ಲ ಎಂಬ ಭಾವನೆ ಬರುತ್ತದೆ. ಆದರೆ ಒಂದನ್ನು ಸ್ವಲ್ಪ ಆಳವಾಗಿ ಕೆದಕಿದರೆ ಇನ್ನೊಂದು ಸಿಕ್ಕೇ ಸಿಗುತ್ತದೆ.

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಡಾನ್ ಕ್ವಿಕ್ಸೋಟ್ ಕಾದಂಬರಿಯಿಂದ ತೆಗೆದುಕೊಂಡ ಒಂದು ಪ್ರಸಂಗ ಇದೆ. ಇಬ್ಬರನ್ನು ಒಂದು ಪೀಪಾಯಿ ದ್ರಾಕ್ಷಾರಸದ ರುಚಿ ನೋಡಲು ಕರೆಯುತ್ತಾರೆ. ಒಬ್ಬ, 'ಚೆನ್ನಾಗಿದೆ, ಆದರೆ ಸ್ವಲ್ಪ ತೊಗಲಿನ ರುಚಿ' ಅನ್ನುತ್ತಾನೆ. ಇನ್ನೊಬ್ಬ, 'ಚೆನ್ನಾಗಿದೆ, ಆದರೆ ಸ್ವಲ್ಪ ಕಬ್ಬಿಣದ ರುಚಿ' ಅನ್ನುತ್ತಾನೆ. ಸುತ್ತಲಿದ್ದವರು ಇಬ್ಬರನ್ನೂ ನೋಡಿ ನಗುತ್ತಾರೆ. ಪೀಪಾಯಿ ಖಾಲಿಯಾದಾಗ ತಳದಲ್ಲಿ ಒಂದು ಹಳೇ ಬೀಗದ ಕೈ ಸಿಗುತ್ತದೆ, ಅದಕ್ಕೆ ತೊಗಲಿನ ದಾರ ಕಟ್ಟಿದೆ.

ಕೈದಾಳದ ಕತೆಗೂ ಇದಕ್ಕೂ ಎಷ್ಟು ಹೋಲಿಕೆ ಇದೆ ನೋಡಿ. ನುರಿತ ಕಣ್ಣಿಗೆ, ನುರಿತ ನಾಲಿಗೆಗೆ ಬೇರೆಯವರಿಗೆ ಸಿಗದ್ದು ಸಿಗುತ್ತದೆ ಎಂಬುದು ಹ್ಯೂಮ್‌ನ ವಾದ. ಪೀಪಾಯಿ ಖಾಲಿ ಮಾಡದೇ ಇದ್ದಿದ್ದರೂ ಆ ಇಬ್ಬರ ನಾಲಿಗೆ ಹೇಳಿದ್ದು ಸರಿಯೇ. ನಗುವವರ ಬಾಯಿ ಮುಚ್ಚಿಸಲು ಮಾತ್ರ ಆಗುತ್ತಿರಲಿಲ್ಲ.

ಆದರೆ ಇಲ್ಲೊಂದು ತೊಡಕಿದೆ. ಹ್ಯೂಮ್ ಅದನ್ನು ಪೂರ್ತಿ ಬಿಡಿಸಲಿಲ್ಲ ಎಂದೇ ನನಗೆ ಅನಿಸುತ್ತದೆ. ಕಪ್ಪೆ ಕಲ್ಲಿನೊಳಗೆ ಇತ್ತು. ಬೀಗದ ಕೈ ಪೀಪಾಯಿಯ ತಳದಲ್ಲಿ ಇತ್ತು. ಎರಡನ್ನೂ ಹೊರಗೆ ತೆಗೆದು ತೋರಿಸಬಹುದು. 'ಈ ಮೂರ್ತಿ ಚೆಂದ' ಎಂಬ ಮಾತಿಗೆ ಹಾಗೆ ಹೊರಗೆ ತೆಗೆದು ತೋರಿಸುವುದು ಏನಿದೆ? ಯಾವ ಗಂಧ ಬಳಿದರೆ ಚೆಲುವು ಸಾಬೀತಾಗುತ್ತದೆ? ಅದನ್ನೇ ಇಲ್ಲಿ ಹುಡುಕೋಣ.

ಕೇಳಿ ತಿಳಿದದ್ದು, ಕಂಡು ತಿಳಿದದ್ದು

ನಮ್ಮ ದರ್ಶನಗಳು ಅರಿವು ಬರುವ ದಾರಿಗಳನ್ನು ಪ್ರಮಾಣ ಎಂದು ಕರೆದವು. ಎಷ್ಟು ಪ್ರಮಾಣಗಳಿವೆ ಎಂಬುದರ ಬಗ್ಗೆ ನೂರಾರು ವರ್ಷ ಜಗಳವಾಡಿದವು. ಚಾರ್ವಾಕರಿಗೆ ಒಂದೇ ಸಾಕು, ಕಣ್ಣೆದುರು ಕಂಡ ಪ್ರತ್ಯಕ್ಷ. ಬೌದ್ಧ ತಾರ್ಕಿಕರು ಅನುಮಾನವನ್ನು ಸೇರಿಸಿ ಎರಡು ಅಂದರು. ಹೊಗೆ ನೋಡಿ ಬೆಂಕಿ ಇದೆ ಎಂದು ತಿಳಿಯುವುದೇ ಅನುಮಾನ. ನ್ಯಾಯದರ್ಶನದವರು ಉಪಮಾನ, ಅಂದರೆ ಹೋಲಿಕೆಯಿಂದ ತಿಳಿಯುವುದು, ಮತ್ತು ಶಬ್ದ ಸೇರಿಸಿ ನಾಲ್ಕು ಅಂದರು. ಕುಮಾರಿಲ ಭಟ್ಟನ ಮೀಮಾಂಸಕರು ಆರರವರೆಗೆ ಹೋದರು. ಶಬ್ದ ಎಂದರೆ ನಂಬಬಹುದಾದವರು ಹೇಳಿದ್ದನ್ನು ಕೇಳಿ ತಿಳಿಯುವುದು. ನಮ್ಮ ಅರಿವಿನಲ್ಲಿ ಜಾಸ್ತಿ ಪಾಲು ಬಂದಿರುವುದು ಹೀಗೇ ಅಲ್ವಾ?

ಈಗ ಒಂದು ಪರೀಕ್ಷೆ ಮಾಡೋಣ. ನಂದಿ ಬೆಟ್ಟದ ಎತ್ತರ 1478 ಮೀಟರ್. ನೀವು ಬೆಟ್ಟವನ್ನೇ ನೋಡಿಲ್ಲದಿದ್ದರೂ ಈ ಮಾತನ್ನು ನಾಳೆ ಇನ್ನೊಬ್ಬರಿಗೆ ಧೈರ್ಯವಾಗಿ ಹೇಳಬಹುದು. 'ನಿನಗೆ ಹೇಗೆ ಗೊತ್ತು' ಎಂದರೆ 'ಓದಿದೆ' ಅಂದರೆ ಸಾಕು. ಅದೇ ಬೆಟ್ಟದ ಕೆಳಗೆ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ದೇವಸ್ಥಾನ ಇದೆ. ಎರಡು ಗುಡಿಗಳ ನಡುವೆ ಕಪ್ಪು ಕಲ್ಲಿನ ಕಲ್ಯಾಣ ಮಂಟಪ. ಅದು ಬಹಳ ಚೆಂದ ಎಂದು ನಾನು ಹೇಳುತ್ತೇನೆ, ನೀವು ನನ್ನನ್ನು ಪೂರ್ತಿ ನಂಬುತ್ತೀರಿ ಅಂದುಕೊಳ್ಳಿ. ನೋಡದೆಯೇ ನಾಳೆ ನೀವು ಯಾರಿಗೋ 'ಆ ಮಂಟಪ ಎಷ್ಟು ಚೆಂದ ಗೊತ್ತಾ' ಅನ್ನಬಹುದೇ? ಅಂದರೆ ಏನೋ ಸುಳ್ಳು ಹೇಳಿದ ಹಾಗೆ ಆಗುತ್ತದೆ. 'ಚೆಂದ ಅಂತೆ' ಎನ್ನಬಹುದು. 'ಚೆಂದ' ಎನ್ನಲು ಹೋಗಿ ನೋಡಿರಬೇಕು.

ಬ್ರಿಟಿಷ್ ತತ್ವಜ್ಞಾನಿ ರಿಚರ್ಡ್ ವೋಲ್‌ಹೈಮ್ ಇದನ್ನು 1980ರಲ್ಲಿ ಒಂದು ನಿಯಮವಾಗಿಯೇ ಹೇಳಿದ. ಚೆಲುವಿನ ತೀರ್ಪು ಸ್ವಂತ ಅನುಭವದಿಂದಲೇ ಬರಬೇಕು, ಒಬ್ಬರಿಂದ ಇನ್ನೊಬ್ಬರಿಗೆ ಹಾಗೇ ದಾಟಿಸಲು ಬರುವುದಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಶಬ್ದಪ್ರಮಾಣ ಕೆಲಸ ಮಾಡುವುದಿಲ್ಲ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ನಂಬಿಕಸ್ಥರು ಚೆಂದ ಎಂದ ಕಡೆಗೇ ಅಲ್ಲವೇ ನಾವು ಬಸ್ಸು ಹತ್ತಿ ಹೋಗುವುದು, ಅದು ಒಂದು ಬಗೆಯ ಅರಿವಲ್ಲವೇ ಎಂದು ಕೇಳುವವರಿದ್ದಾರೆ. ಅದೂ ನ್ಯಾಯವೇ. ಆದರೆ ಹೋಗಿ ನೋಡಿದ ಮೇಲೆ ಸಿಗುವುದು ಕೇಳಿದ್ದಕ್ಕಿಂತ ಬೇರೆಯದೇ ಅರಿವು ಎಂಬುದನ್ನು ಅವರೂ ಅಲ್ಲಗಳೆಯಲಾರರು.

ಅನುಮಾನವೂ ಇಲ್ಲಿ ಸೋಲುತ್ತದೆ. ಕಂಬಗಳು ಇಷ್ಟು, ಕೆತ್ತನೆ ಇಷ್ಟು ಸಣ್ಣದು, ಆದ್ದರಿಂದ ಮಂಟಪ ಚೆಂದ ಎಂದು ಲೆಕ್ಕ ಹಾಕಿ ಹೇಳಲು ಬರುವುದಿಲ್ಲ. ಅದೇ ಲಕ್ಷಣಗಳಿರುವ ಇನ್ನೊಂದು ಮಂಟಪ ಸಪ್ಪೆಯಾಗಿರಬಹುದು. 1959ರಲ್ಲಿ ಫ್ರಾಂಕ್ ಸಿಬ್ಲಿ ಎಂಬ ವಿದ್ವಾಂಸ ಈ ಮಾತನ್ನು ಬಹಳ ಸ್ಪಷ್ಟವಾಗಿ ಬಿಡಿಸಿಟ್ಟ. 'ನಾಜೂಕು', 'ಸಮತೋಲ', 'ಲವಲವಿಕೆ' ಇಂಥ ಗುಣಗಳು ಬಣ್ಣ, ಗೆರೆ, ಆಕಾರಗಳನ್ನೇ ನಂಬಿಕೊಂಡಿವೆ. ಹಾಗಂತ ಇಂತಿಷ್ಟು ಗೆರೆ ಇದ್ದರೆ ನಾಜೂಕು ಎಂಬ ಸೂತ್ರ ಇಲ್ಲ. ಹಾಗಾದರೆ ವಿಮರ್ಶಕರು ಕೊಡುವ ಕಾರಣಗಳಿಗೆ ಏನು ಬೆಲೆ? ಅವು ಸಾಬೀತು ಮಾಡುವ ಕಾರಣಗಳಲ್ಲ, ತೋರಿಸುವ ಕಾರಣಗಳು. 'ಇಲ್ಲಿ ನಿಂತು ನೋಡು', 'ಈ ಕಂಬದ ಬಳ್ಳಿ ಎಲ್ಲಿ ತಿರುಗುತ್ತದೆ ಗಮನಿಸು' ಎಂದಾಗ ನಮ್ಮ ಕಣ್ಣಿಗೆ ಇದ್ದಕ್ಕಿದ್ದಂತೆ ಅದು ಕಾಣುತ್ತದೆ. ಕಂಡ ಮೇಲೆ ಸೂತ್ರ ಬೇಕಾಗುವುದಿಲ್ಲ. ಹಿಂದೆ ಕೇಳಿದ ಪ್ರಶ್ನೆಗೆ ನನಗೆ ಸಿಕ್ಕ ಒಳ್ಳೆಯ ಉತ್ತರ ಇದೇ. ಚೆಲುವಿಗೆ ಗಂಧದ ಪರೀಕ್ಷೆ ಇಲ್ಲ. ಬೆರಳು ಮಾಡಿ ತೋರಿಸುವುದು ಇದೆ. ತೋರಿಸಿದ್ದು ನಾಲ್ಕು ಜನಕ್ಕೆ ಕಂಡರೆ ಅದನ್ನು ಬರೀ ಒಬ್ಬನ ಅನಿಸಿಕೆ ಎಂದು ತಳ್ಳಿಹಾಕುವುದು ಕಷ್ಟ.

ಗೊತ್ತು, ಹೇಳಲು ಬರುವುದಿಲ್ಲ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನುರಿತ ರೀಲರ್, ಅಂದರೆ ಗೂಡಿನಿಂದ ನೂಲು ಬಿಚ್ಚಿಸುವವರು, ಒಬ್ಬರನ್ನು ಗಮನಿಸಿ. ಒಂದು ಹಿಡಿ ಗೂಡು ತೆಗೆದುಕೊಳ್ಳುತ್ತಾರೆ. ಬಣ್ಣ ನೋಡುತ್ತಾರೆ, ಬೆರಳಲ್ಲಿ ಒತ್ತುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಈ ಲಾಟಿನ ರೆಂಡಿಟ್ಟ ಎಷ್ಟು ಬರಬಹುದು, ಅಂದರೆ ಒಂದು ಕೆಜಿ ನೂಲು ಬಿಚ್ಚಲು ಎಷ್ಟು ಕೆಜಿ ಗೂಡು ಬೇಕಾಗಬಹುದು ಎಂದು ಅಂದಾಜು ಮಾಡುತ್ತಾರೆ. ಅದರ ಮೇಲೆ ದುಡ್ಡು ಹೂಡುತ್ತಾರೆ. ಹೇಗೆ ಗೊತ್ತಾಯಿತು ಎಂದು ಕೇಳಿದರೆ 'ನೋಡಿದರೆ ಗೊತ್ತಾಗುತ್ತೆ' ಅನ್ನುತ್ತಾರೆ. ಅವರು ಗುಟ್ಟು ಮುಚ್ಚಿಡುತ್ತಿಲ್ಲ. ಅದಕ್ಕಿಂತ ಜಾಸ್ತಿ ಹೇಳಲು ನಿಜಕ್ಕೂ ಬರುವುದಿಲ್ಲ.

ಜರ್ಮನಿಯ ಲೈಬ್ನಿಟ್ಸ್ 1684ರಲ್ಲಿ ಬರೆದ ಒಂದು ಚಿಕ್ಕ ಲೇಖನದಲ್ಲಿ ಈ ಬಗೆಯ ಅರಿವಿಗೆ ಒಂದು ಜಾಗ ಮಾಡಿಕೊಟ್ಟ. ಒಂದು ವಸ್ತುವನ್ನು ಗುರುತು ಹಿಡಿಯಲು ಬಂದರೆ ಆ ಅರಿವು ನಿಚ್ಚಳ. ಆದರೆ ಯಾವ ಯಾವ ಲಕ್ಷಣದಿಂದ ಗುರುತು ಹಿಡಿದೆ ಎಂದು ಬಿಡಿಸಿ ಹೇಳಲು ಬಾರದಿದ್ದರೆ ಅದು ಕಲಸಿಕೊಂಡ ಅರಿವು. ನಿಚ್ಚಳವೂ ಹೌದು, ಕಲಸಿಕೊಂಡದ್ದೂ ಹೌದು. ಇದಕ್ಕೆ ಅವನು ಕೊಟ್ಟ ಉದಾಹರಣೆ ಚಿತ್ರಕಾರರದು. ಯಾವ ಚಿತ್ರ ಸರಿಯಾಗಿದೆ, ಯಾವುದು ಕೆಟ್ಟಿದೆ ಎಂದು ಅವರಿಗೆ ಸರಿಯಾಗಿ ತಿಳಿಯುತ್ತದೆ. ಕಾರಣ ಕೇಳಿದರೆ 'ಏನೋ ಒಂದು ಕೊರತೆ' ಅನ್ನುತ್ತಾರೆ. ಲೈಬ್ನಿಟ್ಸ್‌ಗೆ ಇದು ಕೆಳಗಿನ ಮೆಟ್ಟಿಲಿನ ಅರಿವು. ಆದರೂ ಅರಿವೇ.

ಅವನ ದಾರಿಯಲ್ಲೇ ಬಂದ ಬೌಮ್‌ಗಾರ್ಟನ್ ಇನ್ನೂ ಮುಂದೆ ಹೋದ. ಇಂದ್ರಿಯಗಳ ಅರಿವಿಗೂ ಅದರದೇ ಆದ ಒಂದು ಪರಿಪೂರ್ಣತೆ ಇದೆ, ಅದೇ ಚೆಲುವು ಅಂದ. ತರ್ಕಶಾಸ್ತ್ರ ಬುದ್ಧಿಗೆ ಏನು ಮಾಡುತ್ತದೋ ಅದನ್ನು ಇಂದ್ರಿಯಕ್ಕೆ ಮಾಡುವ ಒಂದು ಶಾಸ್ತ್ರ ಬೇಕು ಅಂದ. 1735ರಲ್ಲಿ, ತನ್ನ ಇಪ್ಪತ್ತೊಂದನೇ ವಯಸ್ಸಿನಲ್ಲಿ, ಆ ಶಾಸ್ತ್ರಕ್ಕೆ ಈಸ್ಥೆಟಿಕ್ಸ್ ಎಂದು ಹೆಸರಿಟ್ಟ. 1750ರಲ್ಲಿ ಅದರ ಮೇಲೆ ಗ್ರಂಥವನ್ನೇ ತಂದ. ಅಂದರೆ ಯುರೋಪಿನಲ್ಲಿ ಸೌಂದರ್ಯಮೀಮಾಂಸೆ ಹುಟ್ಟಿದ್ದೇ ಜ್ಞಾನಮೀಮಾಂಸೆಯ ಮನೆಯಲ್ಲಿ. ಕಲೆಗೆ ಬೆಲೆ ಕಟ್ಟುವ ಶಾಸ್ತ್ರವಾಗಿ ಅದು ಬದಲಾದದ್ದು ಆಮೇಲೆ.

ಈ ಮನೆಯನ್ನು ಎರಡು ಭಾಗ ಮಾಡಿದವನು ಇಮ್ಯಾನುಯೆಲ್ ಕಾಂಟ್. 1790ರ ಅವನ ಗ್ರಂಥದ ಪ್ರಕಾರ 'ಈ ಹೂವು ಚೆಂದ' ಎಂಬ ಮಾತು ಹೂವಿನ ಬಗ್ಗೆ ಯಾವ ಅರಿವನ್ನೂ ಕೊಡುವುದಿಲ್ಲ. ಹೂವನ್ನು ನೋಡುವಾಗ ನಮ್ಮ ಕಲ್ಪನೆ ಮತ್ತು ಬುದ್ಧಿ ಎರಡೂ ಸೇರಿ ಬಿಡುಬೀಸಾಗಿ ಆಡುತ್ತವೆ. ಆ ಆಟದ ಸಂತೋಷವೇ ಚೆಲುವಿನ ಅನುಭವ. ಆದರೂ ಒಂದು ಕೊಂಡಿಯನ್ನು ಕಾಂಟ್ ಉಳಿಸಿಕೊಂಡ. ಅರಿವಿಗೆ ಬೇಕಾದದ್ದೂ ಅದೇ ಕಲ್ಪನೆ, ಅದೇ ಬುದ್ಧಿ. ಅವು ಎಲ್ಲರಲ್ಲೂ ಇವೆ. ಅದಕ್ಕೇ ಚೆಂದ ಎಂದಾಗ 'ನನಗೆ ಚೆಂದ' ಎಂದು ಸುಮ್ಮನಾಗದೆ ನೀವೂ ಒಪ್ಪಬೇಕು ಎಂದು ನಿರೀಕ್ಷಿಸುತ್ತೇವೆ. ಕಾಂಟ್‌ನ ಈ ಎರಡನೇ ಭಾಗ ನನಗೆ ತುಂಬ ಸರಿ ಅನಿಸುತ್ತದೆ. ಮೊದಲನೇ ಭಾಗವನ್ನು ಒಪ್ಪಲು ಮನಸ್ಸು ಬರುವುದಿಲ್ಲ.

ಕಾರಣ ಇದು. ಹೇಳಲು ಬಾರದ ಅರಿವನ್ನು ಅರಿವಲ್ಲ ಎಂದು ಹೊರಗಿಟ್ಟರೆ ನಷ್ಟ ಬಹಳ ದೊಡ್ಡದು. ಹಂಗೇರಿಯ ಮೈಕೆಲ್ ಪೊಲಾನಿ ಮೊದಲು ರಸಾಯನಶಾಸ್ತ್ರ ಮಾಡಿದವನು, ಆಮೇಲೆ ತತ್ವಶಾಸ್ತ್ರಕ್ಕೆ ಬಂದ. ನಮಗೆ ಹೇಳಲು ಬರುವುದಕ್ಕಿಂತ ಜಾಸ್ತಿ ನಮಗೆ ಗೊತ್ತಿರುತ್ತದೆ ಎಂದು 1966ರಲ್ಲಿ ಬರೆದ. ಪ್ರಯೋಗಾಲಯದ ವಿಜ್ಞಾನಿಯಿಂದ ಹಿಡಿದು ಕಮ್ಮಾರನವರೆಗೆ ಎಲ್ಲರ ಕೆಲಸವೂ ಇದರ ಮೇಲೇ ನಡೆಯುತ್ತದೆ. ಕನ್ನಡದಲ್ಲಿ ಇದಕ್ಕೆ ಇನ್ನೂ ಹಳೆಯ ಮಾತಿದೆ. 9ನೇ ಶತಮಾನದ ಕವಿರಾಜಮಾರ್ಗ ಈ ನಾಡಿನ ಜನರನ್ನು 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್' ಎಂದು ಕರೆಯಿತು. ಕೂತು ಓದದೆಯೇ ಕಾವ್ಯದಲ್ಲಿ ಪಳಗಿದವರು. ಅವರಿಗೆ ಇಷ್ಟವಿದೆ, ಆಸೆಯಿದೆ ಎಂದು ಅಲ್ಲಿ ಹೇಳಿಲ್ಲ. ಪರಿಣತಿ ಇದೆ ಎಂದಿದೆ. ಅಂದರೆ ಚೆಲುವಿನ ತಿಳಿವನ್ನು ಅರಿವಿನ ಪಟ್ಟಿಯಲ್ಲೇ ಸೇರಿಸಿದೆ.

ದುರ್ಯೋಧನ ಯಾರು?

ಗುಬ್ಬಿ ವೀರಣ್ಣನವರ ಜಿಲ್ಲೆಯಲ್ಲಿ ನಾಟಕ ಬಿಟ್ಟು ಈ ವಿಷಯ ಮಾತಾಡಲು ಆಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ರಾತ್ರಿ ಶುರುವಾದರೆ ಬೆಳಗಿನ ಜಾವದವರೆಗೆ ನಡೆಯುತ್ತದೆ. ಬಾಡಿಗೆಗೆ ತಂದ ಸೀನರಿ, ಮೂಲೆಯಲ್ಲಿ ಹಾರ್ಮೋನಿಯಂ ಮೇಷ್ಟ್ರು, ಒಳ್ಳೆ ಹಾಡಿಗೆ 'ಒನ್ಸ್ ಮೋರ್'. ಡೈರಿಯ ಸೆಕ್ರೆಟರಿ ದುರ್ಯೋಧನನ ಪಾತ್ರ ಮಾಡಿದ್ದಾರೆ ಅಂದುಕೊಳ್ಳಿ. ಸಂಜೆ ತಾನೇ ಅವರ ಕೈಗೆ ಹಾಲು ಹಾಕಿ ಬಂದ ಜನ, ರಾತ್ರಿ ಅವರು ತೊಡೆ ಮುರಿದು ಬಿದ್ದಾಗ ಕಣ್ಣೀರು ಹಾಕುತ್ತಾರೆ. ಆ ಹೊತ್ತಿನಲ್ಲಿ ಅವರಿಗೆ ಇರುವುದು ಯಾವ ಬಗೆಯ ಅರಿವು?

ಈ ಪ್ರಶ್ನೆಯನ್ನು 9ನೇ ಶತಮಾನದ ಕಾಶ್ಮೀರದ ಶ್ರೀಶಂಕುಕ ಕೇಳಿದ. ರಸ, ಅಂದರೆ ನಾಟಕದಲ್ಲಿ ಸವಿಯುವ ಭಾವ, ಹೇಗೆ ಹುಟ್ಟುತ್ತದೆ ಎಂದು ಹೇಳುವ ಭರತನ ನಾಟ್ಯಶಾಸ್ತ್ರದ ರಸಸೂತ್ರವನ್ನು ವಿವರಿಸುವಾಗ ಒಂದೊಂದೇ ದಾರಿಯನ್ನು ಮುಚ್ಚುತ್ತ ಹೋದ. 'ಇವನೇ ದುರ್ಯೋಧನ' ಎಂಬ ನಿಜವಾದ ಅರಿವೇ? ಅಲ್ಲ, ಅವರು ಸೆಕ್ರೆಟರಿ ಎಂದು ಎಲ್ಲರಿಗೂ ಗೊತ್ತು. ಹಗ್ಗವನ್ನು ಹಾವು ಎಂದುಕೊಂಡಂಥ ಭ್ರಮೆಯೇ? ಅದೂ ಅಲ್ಲ, ಭ್ರಮೆಯಾಗಿದ್ದರೆ ಜನ ಎದ್ದು ಹೋಗಿ ಭೀಮನ ಗದೆ ಹಿಡಿಯುತ್ತಿದ್ದರು. 'ದುರ್ಯೋಧನನೋ ಸೆಕ್ರೆಟರಿಯೋ' ಎಂಬ ಸಂಶಯವೇ? ಯಾರಿಗೂ ಸಂಶಯ ಇಲ್ಲ. 'ದುರ್ಯೋಧನನ ಹಾಗಿದ್ದಾನೆ' ಎಂಬ ಹೋಲಿಕೆಯೇ? ಅಸಲಿ ದುರ್ಯೋಧನನನ್ನು ಕಂಡವರು ಯಾರು, ಹೋಲಿಸಲು? ನಾಲ್ಕೂ ಅಲ್ಲ. ಚಿತ್ರದ ಕುದುರೆಯನ್ನು ನೋಡಿ ಮಗು 'ಕುದುರೆ' ಅನ್ನುತ್ತದಲ್ಲ, ಆ ಬಗೆಯ ಐದನೆಯ ಅರಿವು ಇದು. ಉದಾಹರಣೆಯ ಪಾತ್ರವನ್ನು ನಾನು ಬದಲಿಸಿದ್ದೇನೆ, ಅವನದು ರಾಮನ ಪಾತ್ರ. ವಾದ ಮಾತ್ರ ಅವನದೇ.

ಇದರ ಹಿಂದೆಯೇ ಬರುವ ಪ್ರಶ್ನೆ ಇನ್ನೂ ಚುರುಕು. ನಟ ತೋರಿಸುವುದು ನಿಜವಾದ ದುಃಖ ಅಲ್ಲ. ಸುಳ್ಳು ಹೊಗೆಯಿಂದ ನಿಜವಾದ ಬೆಂಕಿಯನ್ನು ಊಹಿಸಲು ಆಗುತ್ತದೆಯೇ? ಇಲ್ಲಿ ಶಂಕುಕ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಒಂದು ಶ್ಲೋಕವನ್ನು ಮುಂದಿಡುತ್ತಾನೆ. ಒಂದು ಕಡೆ ರತ್ನದ ಹೊಳಪು, ಇನ್ನೊಂದು ಕಡೆ ದೀಪದ ಹೊಳಪು. ಇಬ್ಬರು ಅದನ್ನು ನೋಡಿ ರತ್ನ ಎಂದುಕೊಂಡು ಓಡುತ್ತಾರೆ. ಹೊಳಪನ್ನೇ ರತ್ನ ಎಂದುಕೊಂಡದ್ದರಿಂದ ಇಬ್ಬರದೂ ತಪ್ಪು ತಿಳಿವಳಿಕೆಯೇ. ಆದರೆ ಒಬ್ಬನಿಗೆ ಕೊನೆಗೆ ರತ್ನ ಸಿಗುತ್ತದೆ. ತಪ್ಪು ಎರಡೂ ಕಡೆ ಒಂದೇ, ಸಿಕ್ಕ ಫಲ ಬೇರೆ. ಹಾಗೆಯೇ ಕಟ್ಟಿದ ಕತೆಯೂ ನಮ್ಮನ್ನು ನಿಜದ ಕಡೆಗೆ ಕರೆದುಕೊಂಡು ಹೋಗಬಲ್ಲದು.

ಗ್ರೀಸಿನಲ್ಲಿ ಪ್ಲೇಟೋ ಇದನ್ನು ಒಪ್ಪುತ್ತಿರಲಿಲ್ಲ. ಅವನ ಪಾಲಿಗೆ ಕಲೆ ನಕಲಿನ ನಕಲು, ನಿಜದಿಂದ ದೂರ. ಅವನ ಶಿಷ್ಯ ಅರಿಸ್ಟಾಟಲ್ ತಿರುಗಿಬಿದ್ದ. ಇತಿಹಾಸ ನಡೆದದ್ದನ್ನು ಹೇಳುತ್ತದೆ, ಕಾವ್ಯ ನಡೆಯಬಹುದಾದದ್ದನ್ನು ಹೇಳುತ್ತದೆ, ಅದಕ್ಕೇ ಕಾವ್ಯ ಇತಿಹಾಸಕ್ಕಿಂತ ತತ್ವಕ್ಕೆ ಹತ್ತಿರ ಅಂದ. ಈ ಜಗಳ ಇವತ್ತಿಗೂ ಮುಗಿದಿಲ್ಲ. ನಾಟಕದಿಂದ ಸಿಗುವ ಸತ್ಯವನ್ನು ಒಂದು ಸಾಲಿನಲ್ಲಿ ಬರೆದರೆ 'ಅಸೂಯೆ ಮನೆ ಹಾಳು ಮಾಡುತ್ತದೆ' ಎಂಬಂಥ ಸಾಧಾರಣ ಮಾತು ಉಳಿಯುತ್ತದೆ, ಇದಕ್ಕೆ ನಾಟಕ ಯಾಕೆ ಬೇಕು ಎಂದು ಕೇಳುವವರಿದ್ದಾರೆ.

ಆದರೆ ಒಂದು ಸಾಲಿಗೆ ಇಳಿಸಿದ್ದೇ ತಪ್ಪು. ಕಾಶ್ಮೀರದ ಭಟ್ಟನಾಯಕ ಮತ್ತು ಕ್ರಿ.ಶ. 1000ದ ಸುಮಾರಿನ ಅಭಿನವಗುಪ್ತ ಹೇಳಿದ್ದನ್ನು ಓದಿದರೆ ಇದು ತಿಳಿಯುತ್ತದೆ. ನಾಟಕದ ದುಃಖ ನನ್ನದಲ್ಲ, ನಟನದಲ್ಲ, ಎಂದೋ ಇದ್ದ ದುರ್ಯೋಧನನದೂ ಅಲ್ಲ. ಯಾರದೋ ಒಬ್ಬರದು ಎಂಬ ಗೆರೆ ಅಳಿಸಿಹೋಗುತ್ತದೆ. ಇದಕ್ಕೆ ಸಾಧಾರಣೀಕರಣ ಎಂದು ಹೆಸರು. ನಮ್ಮ ಮನೆಯ ದುಃಖದಲ್ಲಿ ನಾವು ಮುಳುಗಿರುತ್ತೇವೆ, ದುಃಖ ಎಂದರೇನು ಎಂದು ನೋಡಲು ಬಿಡುವಿರುವುದಿಲ್ಲ. ನಾಟಕದಲ್ಲಿ ಅದೇ ದುಃಖವನ್ನು ಒಳಗಿಂದಲೇ ಸವಿಯುತ್ತೇವೆ, ಆದರೆ ಅದರ ಕೈಗೆ ಸಿಕ್ಕಿರುವುದಿಲ್ಲ. ಅಭಿಮನ್ಯುವಿನ ಪಾತ್ರ ಮಾಡಿದವನ ತಾಯಿ ಮುಂದಿನ ಸಾಲಿನಲ್ಲಿ ಕೂತಿದ್ದರೆ ಅವಳ ಅಳು ಬೇರೆ, ಪಕ್ಕದವಳ ಅಳು ಬೇರೆ. ತಾಯಿಗೆ ಕಾಣುವುದು ತನ್ನ ಮಗ. ಅಭಿನವಗುಪ್ತ ಇಂಥದ್ದನ್ನು ರಸಕ್ಕೆ ವಿಘ್ನ ಎಂದು ಎಣಿಸಿದ. ಪಕ್ಕದವಳಿಗೆ ಆ ಹೊತ್ತಿನಲ್ಲಿ ಎಳೆಯ ಜೀವ ಕಳೆದುಕೊಳ್ಳುವುದು ಎಂದರೆ ಏನೆಂದು ಒಳಗಿಂದ ತಿಳಿಯುತ್ತದೆ. ಅದನ್ನು ಒಂದು ಸಾಲಿನಲ್ಲಿ ಬರೆಯಲು ಬಾರದು ಎಂದ ಮಾತ್ರಕ್ಕೆ ತಿಳಿವೇ ಅಲ್ಲ ಅನ್ನಲಾದೀತೇ?

ಕಾವ್ಯದ ಮಾತಿಗೂ ಇದೇ ಚರ್ಚೆ ಹಬ್ಬಿತು. 'ಹೊತ್ತು ಮುಳುಗಿತು' ಎಂಬ ಮಾತು ನಮ್ಮ ಅಲಂಕಾರಶಾಸ್ತ್ರದ ಹಳೇ ಉದಾಹರಣೆ. ದನ ಕಾಯುವವನಿಗೆ ಅದು 'ದನ ಹೊಡೆದುಕೊಂಡು ಬಾ', ತುಮಕೂರಿಗೆ ಬಂದು ಹಳ್ಳಿಗೆ ಹೊರಟವನಿಗೆ 'ಬಸ್ಸು ತಪ್ಪೀತು', ಕಳ್ಳನಿಗೆ 'ಸಮಯವಾಯಿತು'. ಮಾತಿನಲ್ಲಿ ಇಲ್ಲದ ಈ ಅರ್ಥವನ್ನು ಆನಂದವರ್ಧನ ಧ್ವನಿ ಎಂದು ಕರೆದ. 11ನೇ ಶತಮಾನದ ಮಹಿಮಭಟ್ಟ ಒಪ್ಪಲಿಲ್ಲ. ಇದರಲ್ಲಿ ಹೊಸದೇನೂ ಇಲ್ಲ, ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆ ಇದೂ ಅನುಮಾನವೇ ಅಂದ. ಧ್ವನಿಯ ಪಕ್ಷದವರ ಉತ್ತರ ಹೀಗಿತ್ತು: ಹೊಗೆ ಇದ್ದಲ್ಲೆಲ್ಲ ಬೆಂಕಿ ಇರಲೇಬೇಕು, ಆಗ ಮಾತ್ರ ಅನುಮಾನ. 'ಹೊತ್ತು ಮುಳುಗಿತು' ಎಂದಲ್ಲೆಲ್ಲ ಒಂದೇ ಅರ್ಥ ಹೊರಡಬೇಕೆಂಬ ಕಟ್ಟು ಇಲ್ಲ. ಕೇಳುವವರು ಯಾರು, ಹೊತ್ತು ಯಾವುದು ಎಂಬುದರ ಮೇಲೆ ಅರ್ಥ ಹುಟ್ಟುತ್ತದೆ. ಅದನ್ನು ಹಿಡಿಯಲು ತರ್ಕ ಸಾಲದು, ಸಹೃದಯ ಬೇಕು. ಈ ವಾದಗಳನ್ನೆಲ್ಲ ಕನ್ನಡದಲ್ಲಿ ತಿಳಿಯಾಗಿ ಓದಬೇಕೆಂದರೆ ತೀ.ನಂ.ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಇದೆ. ಅವರು ತುಮಕೂರು ಜಿಲ್ಲೆಯ ತೀರ್ಥಪುರದವರು. ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಬಾಗಿಲು ಈ ವಿಷಯಕ್ಕೆ ಇಲ್ಲ.

ಕೋಲಾರದ ಗಣಿಯಲ್ಲಿ ಒಂದು ಪರೀಕ್ಷೆ

ಇಲ್ಲಿಯವರೆಗೆ ಕಲೆಯೊಳಗಿನ ಅರಿವಿನ ಮಾತಾಯಿತು. ಅರಿವಿನೊಳಗೂ ಚೆಲುವು ಕೆಲಸ ಮಾಡುತ್ತದೆ, ಅದೂ ಭೌತಶಾಸ್ತ್ರದಲ್ಲಿ.

ಬ್ರಿಟನ್ನಿನ ಪಾಲ್ ಡಿರಾಕ್ 1928ರಲ್ಲಿ ಎಲೆಕ್ಟ್ರಾನಿಗೆ ಒಂದು ಸಮೀಕರಣ ಬರೆದ. ಅದು ಬಹಳ ಸುಂದರವಾಗಿತ್ತು. ಆದರೆ ಅದರಿಂದ ಯಾರಿಗೂ ಬೇಡದ ಒಂದು ಉತ್ತರ ಹೊರಟಿತು, ಎಲೆಕ್ಟ್ರ‌ಾನಿನ ಹಾಗೇ ಇದ್ದು ವಿದ್ಯುದಂಶ ಮಾತ್ರ ತಿರುಗುಮುರುಗಾದ ಕಣ. 1931ರಲ್ಲಿ ಡಿರಾಕ್ ಅಂಥ ಕಣ ಇರಬೇಕು ಎಂದೇ ಹೇಳಿದ. 1932ರಲ್ಲಿ ಅಮೆರಿಕದ ಕಾರ್ಲ್ ಆಂಡರ್ಸನ್‌ಗೆ ಅದು ಸಿಕ್ಕಿತು. ಸಮೀಕರಣ ಪ್ರಯೋಗಕ್ಕೆ ಹೊಂದುವುದಕ್ಕಿಂತ ಅದರಲ್ಲಿ ಚೆಲುವು ಇರುವುದು ಮುಖ್ಯ ಎಂದು ಡಿರಾಕ್ 1963ರಲ್ಲಿ ಬರೆದ.

ಕೆಪ್ಲರ್‌ನ ಕತೆ ಬೇರೆ. ಈ ಖಗೋಳಜ್ಞನ ಕಾಲದಲ್ಲಿ ಗೊತ್ತಿದ್ದದ್ದು ಆರು ಗ್ರಹಗಳು. ಅವುಗಳ ನಡುವಿನ ಐದು ಜಾಗಗಳಿಗೆ ಜ್ಯಾಮಿತಿಯ ಐದು ಪರಿಪೂರ್ಣ ಘನಾಕೃತಿಗಳು ಕೂರುತ್ತವೆ ಎಂದು 1596ರಲ್ಲಿ ಬರೆದ. ಅಷ್ಟು ಚೆಂದದ ಕಲ್ಪನೆ ಪೂರ್ತಿ ತಪ್ಪಾಗಿತ್ತು. ಆಮೇಲೆ ಇನ್ನೊಬ್ಬ ಖಗೋಳಜ್ಞ ಟೈಕೋ ಬ್ರಾಹೆಯ ಅಳತೆಗಳನ್ನು ಹಿಡಿದು ಮಂಗಳನ ದಾರಿಯನ್ನು ಲೆಕ್ಕ ಹಾಕಿದ. ಲೆಕ್ಕಕ್ಕೂ ಅಳತೆಗೂ ಬರೀ ಎಂಟು ಕಲೆಯಷ್ಟು, ಅಂದರೆ ಒಂದು ಡಿಗ್ರಿಯ ಏಳನೇ ಒಂದು ಭಾಗಕ್ಕಿಂತ ಕಡಿಮೆ, ವ್ಯತ್ಯಾಸ ಬಂತು. ಅದನ್ನು ಅವನು ಬಿಡಲಿಲ್ಲ. ಆ ಹಟದಿಂದಲೇ ಗ್ರಹಗಳ ದಾರಿ ವೃತ್ತವಲ್ಲ, ದೀರ್ಘವೃತ್ತ ಎಂದು 1609ರಲ್ಲಿ ಪ್ರಕಟಿಸಿದ.

ಧರ್ಮಕೀರ್ತಿಯ ಶ್ಲೋಕ ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ! ಓಡುವ ಹೊತ್ತಿನಲ್ಲಿ ಡಿರಾಕ್ ಕಂಡ ಹೊಳಪಿಗೂ ಕೆಪ್ಲರ್ ಕಂಡ ಹೊಳಪಿಗೂ ವ್ಯತ್ಯಾಸ ಇರಲಿಲ್ಲ. ಯಾವುದು ರತ್ನದ್ದು, ಯಾವುದು ದೀಪದ್ದು ಎಂದು ಹೊಳಪು ನೋಡಿ ಹೇಳಲು ಬರುವುದಿಲ್ಲ. ಡಿರಾಕ್‌ನ 1963ರ ಮಾತನ್ನು ಹಾಗೇ ನಂಬಬಾರದು ಎನ್ನಲು ಇದೇ ಕಾರಣ. ಆದರೆ ಹೊಳಪೇ ಕಾಣದಿದ್ದರೆ ಇಬ್ಬರೂ ಓಡುತ್ತಿರಲಿಲ್ಲ. ಕೆಪ್ಲರ್ ತನ್ನ ತಪ್ಪು ಪುಸ್ತಕವನ್ನು ಟೈಕೋಗೆ ಕಳಿಸಿದ್ದರಿಂದಲೇ ಟೈಕೋನ ಪರಿಚಯವಾದದ್ದು, ಆ ಅಳತೆಗಳು ಕೈಗೆ ಸಿಕ್ಕಿದ್ದು.

ಇಂಥದ್ದೇ ಒಂದು ಹೊಳಪಿನ ಪರೀಕ್ಷೆ ನಮ್ಮ ಕೋಲಾರದಲ್ಲೇ ನಡೆಯಿತು. 1974ರಲ್ಲಿ ಹೊವಾರ್ಡ್ ಜಾರ್ಜಿ ಮತ್ತು ಶೆಲ್ಡನ್ ಗ್ಲಾಶೋ ಒಂದು ಸಿದ್ಧಾಂತ ಕೊಟ್ಟರು. ವಿದ್ಯುತ್ಕಾಂತ ಬಲ, ಪರಮಾಣು ಬೀಜದ ಒಳಗಿನ ದುರ್ಬಲ ಬಲ, ಪ್ರಬಲ ಬಲ, ಈ ಮೂರೂ ಮೂಲದಲ್ಲಿ ಒಂದೇ ಎಂದು ಅದು ಹೇಳುತ್ತಿತ್ತು. ಗಣಿತ ಅಷ್ಟು ಅಚ್ಚುಕಟ್ಟಾಗಿತ್ತು ಎಂದರೆ ಇದು ನಿಜವಿರಲೇಬೇಕು ಎಂದು ಬಹಳ ಭೌತವಿಜ್ಞಾನಿಗಳಿಗೆ ಅನಿಸಿತು. ಆದರೆ ಅದು ನಿಜವಾದರೆ ಪರಮಾಣು ಬೀಜದಲ್ಲಿರುವ ಪ್ರೋಟಾನ್ ಎಂಬ ಕಣ ಕೂಡ ಎಂದಾದರೂ ಒಡೆಯಬೇಕು. ಆಯಸ್ಸು ಎಷ್ಟು? ಸುಮಾರಾಗಿ 1ರ ಮುಂದೆ 30 ಸೊನ್ನೆ ಇಟ್ಟಷ್ಟು ವರ್ಷ. ಒಂದು ಪ್ರೋಟಾನನ್ನು ಕಾಯುತ್ತ ಕೂರಲು ಆಗುವುದಿಲ್ಲ. ಆದರೆ ನೂರಾರು ಟನ್ ಕಬ್ಬಿಣ ಇಟ್ಟುಕೊಂಡರೆ ಅದರಲ್ಲಿ ಲೆಕ್ಕವಿಲ್ಲದಷ್ಟು ಪ್ರೋಟಾನ್ ಇರುತ್ತವೆ, ವರ್ಷಕ್ಕೆ ಒಂದೆರಡಾದರೂ ಒಡೆಯಬೇಕು. ಆಕಾಶದಿಂದ ಸುರಿಯುವ ಕಣಗಳ ಗದ್ದಲ ತಾಕದಷ್ಟು ಆಳದಲ್ಲಿ ಅದನ್ನು ಇಡಬೇಕು.

ಅಷ್ಟು ಆಳ ಇದ್ದದ್ದು ಕೆಜಿಎಫ್‌ನಲ್ಲಿ. ವಾತಾವರಣದಲ್ಲಿ ಹುಟ್ಟುವ, ಬಹುತೇಕ ಯಾವುದಕ್ಕೂ ತಾಕದೆ ಹಾದುಹೋಗುವ ನ್ಯೂಟ್ರಿನೊ ಕಣಗಳನ್ನು ಜಗತ್ತಿನಲ್ಲಿ ಮೊದಲು ಹಿಡಿದದ್ದು 1965ರಲ್ಲಿ, ಇಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ಮತ್ತು ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ. ಅದೇ ಕೋಲಾರದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ, ಭಾರತ ಮತ್ತು ಜಪಾನಿನ ವಿಜ್ಞಾನಿಗಳು 1980ರ ಸುಮಾರಿಗೆ 140 ಟನ್ನಿನ ಒಂದು ಉಪಕರಣ ಕಟ್ಟಿದರು. ಕಬ್ಬಿಣದ ತಗಡುಗಳ ನಡುವೆ ಸಾಲು ಸಾಲು ಕಣ ಎಣಿಸುವ ಕೊಳವೆಗಳು. ಪ್ರೋಟಾನ್ ಒಡೆದದ್ದೇ ಇರಬಹುದು ಎನಿಸುವ ಕೆಲವು ಗುರುತುಗಳು ಅವರಿಗೆ ಸಿಕ್ಕವು. ಜಗತ್ತಿನ ಗಮನ ಕೋಲಾರದ ಕಡೆ ತಿರುಗಿತು. ಆದರೆ ಅಮೆರಿಕದ ಒಂದು ಉಪ್ಪಿನ ಗಣಿಯಲ್ಲಿ, ಜಪಾನಿನ ಕಾಮಿಯೊಕಾದ ಗಣಿಯಲ್ಲಿ ಕಟ್ಟಿದ ಇನ್ನೂ ದೊಡ್ಡ ನೀರಿನ ತೊಟ್ಟಿಗಳಲ್ಲಿ ಏನೂ ಕಾಣಲಿಲ್ಲ. ಜಾರ್ಜಿ, ಗ್ಲಾಶೋ ಅವರ ಮೂಲ ಸಿದ್ಧಾಂತವನ್ನು ಕೈಬಿಡಬೇಕಾಯಿತು. ಕೋಲಾರದ ಪ್ರಯೋಗ 1990ರ ದಶಕದಲ್ಲಿ ನಿಂತಿತು, 2001ರಲ್ಲಿ ಚಿನ್ನದ ಗಣಿಯೇ ಮುಚ್ಚಿತು.

ಈ ಪ್ರಯೋಗಗಳನ್ನು ಸೋಲು ಎಂದು ನಾನು ಎಣಿಸುವುದಿಲ್ಲ. ಚೆಂದದ ಸಿದ್ಧಾಂತ ಇಲ್ಲದಿದ್ದರೆ ಆ ತೊಟ್ಟಿಗಳನ್ನು ಯಾರೂ ಕಟ್ಟುತ್ತಿರಲಿಲ್ಲ. 1987ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಗೆಲಾಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದದ್ದು ಕಂಡಿತು. ಅದರ ನ್ಯೂಟ್ರಿನೊಗಳನ್ನು ಹಿಡಿದದ್ದು ಪ್ರೋಟಾನಿಗಾಗಿ ಕಾದು ಕೂತಿದ್ದ ಇದೇ ತೊಟ್ಟಿಗಳು. ಜಪಾನಿನ ತಂಡವನ್ನು ನಡೆಸಿದ ಮಸಾತೋಶಿ ಕೊಶಿಬಾಗೆ 2002ರಲ್ಲಿ ನೊಬೆಲ್ ಬಂತು. ಪ್ರೋಟಾನ್ ಒಡೆದದ್ದನ್ನು ಇವತ್ತಿಗೂ ಯಾರೂ ಕಂಡಿಲ್ಲ. 1996ರಿಂದ ಕಾಮಿಯೊಕಾದಲ್ಲಿ 50,000 ಟನ್ ನೀರಿನ ತೊಟ್ಟಿ ಕಾಯುತ್ತಿದೆ. ಈಗ ಅದರ ಹತ್ತಿರವೇ ಇನ್ನೂ ದೊಡ್ಡದೊಂದನ್ನು ಕಟ್ಟುತ್ತಿದ್ದಾರೆ. ಮೂಲ ಸಿದ್ಧಾಂತ ಬಿದ್ದುಹೋದರೂ ಮೂರು ಬಲಗಳು ಒಂದೇ ಎಂಬ ಮಾತಿನ ಚೆಲುವು ಅವರನ್ನು ಇನ್ನೂ ಬಿಟ್ಟಿಲ್ಲ.